ಅಪ್ಪೆಮಿಡಿಯ ತಾಯಿಮರ ಯಾರ ಹೊಣೆ?

ಫೆಬ್ರುವರಿ ಕಳೆದು ಬಿಸಿಲು ಏರುತ್ತಿದ್ದಂತೆ ಶಿರಸಿ, ಸಾಗರ, ರಿಪ್ಪನ್‌ಪೇಟೆಗಳ ರಸ್ತೆಬದಿಯಲ್ಲಿ ಗೋಣಿತಾಟು ಹಾಸಿ ಮಾವಿನಮಿಡಿ ಸುರಿದುಕೊಂಡು ಕೂರುವವರು ಕಾಣಿಸುತ್ತಾರೆ. ಇಲ್ಲಿ ವ್ಯಾಪಾರ ತೂಕದ ಮೇಲೆ ನಡೆಯುವುದಿಲ್ಲ, ಎಣಿಕೆಯ ಮೇಲೆ. ನೂರಕ್ಕೆ ಇಷ್ಟು ಎಂದು ದರ. ಉಪ್ಪಿನಕಾಯಿ ಹಾಕಿ ಪಳಗಿದ ಹೆಣ್ಣುಮಕ್ಕಳು ದರ ಕೇಳುವ ಮೊದಲು ಒಂದು ಮಿಡಿ ಎತ್ತಿ ತೊಟ್ಟು ಮುರಿಯುತ್ತಾರೆ. ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ‘ಯಾವ ಕಡೆ ಮಿಡಿ ಇದು?’ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ‘ಹೊಳೆಸಾಲಿನದ್ದು ಅಮ್ಮಾ, ಜೀರಿಗೆ’ ಎಂಬ ಉತ್ತರ ಸಿಕ್ಕರೂ ನಂಬಿಕೆ ಮೂಗಿನ ಮೇಲೆಯೇ. ಜೀರಿಗೆಯ ಘಮವೋ, ಕರ್ಪೂರದ್ದೋ, ಬರೀ ಹುಳಿ ಮಾವಿನದ್ದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಹಣ್ಣಿನ ತಳಿ ವೈವಿಧ್ಯ ಎಂದು ವಿಜ್ಞಾನಿಗಳು ಕರೆಯುವ ಸಂಪತ್ತನ್ನು ನಮ್ಮ ಮಲೆನಾಡು ಇಷ್ಟು ಕಾಲ ಉಳಿಸಿಕೊಂಡಿದ್ದು ಈ ಬಗೆಯ ಪರೀಕ್ಷೆಯಿಂದ. ಈಗ ಅದು ಕರಗುತ್ತಿದೆ. ಅದನ್ನು ಉಳಿಸುವುದು ಯಾರ ಕೆಲಸ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ತೋಟಗಾರಿಕಾ ವಿಜ್ಞಾನಿಗಳು ಬೇಕು, ಸರ್ಕಾರವೂ ಬೇಕು, ಆದರೆ ಮರ ಯಾರ ಹಿತ್ತಿಲಲ್ಲಿ, ಬೆಟ್ಟದಲ್ಲಿ ನಿಂತಿದೆಯೋ ಆ ರೈತನಿಗೆ ಅದನ್ನು ಉಳಿಸಿಕೊಳ್ಳಲು ಕಾರಣ ಕೊಡದೆ ಮಿಕ್ಕವರು ಎಷ್ಟು ದುಡಿದರೂ ಪ್ರಯೋಜನವಿಲ್ಲ.

ಅಪ್ಪೆಮಿಡಿ ಎಂದರೆ ಒಂದು ತಳಿಯಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ವರದಾ ಹೊಳೆಗಳ ಸಾಲಿನಲ್ಲಿ, ಕಾಡಂಚಿನಲ್ಲಿ, ಅಡಿಕೆ ತೋಟದ ಮೇಲಣ ಬೆಟ್ಟಗಳಲ್ಲಿ ತಾವಾಗಿ ಹುಟ್ಟಿ ಬೆಳೆದ, ಉಪ್ಪಿನಕಾಯಿಗೆ ಒದಗುವ ಸುವಾಸನೆಯ ಮಾವಿನಮರಗಳ ಒಂದು ದೊಡ್ಡ ಬಳಗ ಅದು. ಊರವರು ಅವುಗಳಲ್ಲಿ ಒಳ್ಳೆಯದನ್ನು ಗುರುತಿಸಿ ಹೆಸರಿಟ್ಟರು. ಅನಂತಭಟ್ಟನ ಅಪ್ಪೆ, ಹಳದೋಟದ ಅಪ್ಪೆ, ಮಾಳಂಜಿ ಅಪ್ಪೆ, ದೊಂಬೆಸರ ಜೀರಿಗೆ, ಗೆಣಸಿನಕುಳಿ ಜೀರಿಗೆ, ಅಡ್ಡೇರಿ ಜೀರಿಗೆ. ಹೆಸರುಗಳನ್ನು ಕೇಳಿದರೇ ಗೊತ್ತಾಗುತ್ತದೆ, ಒಂದೊಂದರ ಹಿಂದೆಯೂ ಒಂದು ಊರೋ, ಒಂದು ಮನೆಯೋ, ಒಬ್ಬ ಮನುಷ್ಯನೋ ಇದ್ದಾನೆ. ಒಂದು ಮರದ ಮಿಡಿ ಉದ್ದ, ಇನ್ನೊಂದರದ್ದು ಗುಂಡು. ಒಂದರ ಸೊನೆ ಮೂಗಿಗೆ ಹೊಡೆಯುವಷ್ಟು ಖಾರ, ಇನ್ನೊಂದರದ್ದು ಮಂದ. ಒಂದು ಪ್ರತಿ ವರ್ಷ ಕಾಯಿ ಬಿಡುತ್ತದೆ, ಇನ್ನೊಂದು ಎರಡು ಮೂರು ವರ್ಷಕ್ಕೊಮ್ಮೆ ಮನಸ್ಸು ಮಾಡುತ್ತದೆ.

ಯಾವ ಮಿಡಿ ಒಳ್ಳೆಯದು ಎಂಬುದು ಭರಣಿಯೊಳಗೆ ತಿಳಿಯುತ್ತದೆ. ಮಿಡಿಯನ್ನು ತೊಟ್ಟು ಸಹಿತ ಕೊಯ್ಯಬೇಕು. ತೊಟ್ಟು ಕಳಚಿದರೆ ಸೊನೆ ಹೋಯಿತು, ಸೊನೆ ಹೋದರೆ ಘಮ ಹೋಯಿತು, ಜೊತೆಗೆ ಬಾಳಿಕೆಯೂ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಆಗದು. ಒಂದೇ ಒಂದು ಪೆಟ್ಟಾದ ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು, ಹಾಗಾಗಿ ಆರಿಸುವ ಕೆಲಸಕ್ಕೆ ಮನೆಯ ಹಿರಿಯರೇ ಕೂರುತ್ತಾರೆ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತ ಬಂದರೆ ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟುಕೊಂಡು ಚಿರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಸಿನ ಅರೆದು ಖಾರ ಕೂಡಿಸುತ್ತಾರೆ. ಎಣ್ಣೆ, ವಿನೆಗರ್ ಏನೂ ಬೇಡ. ಒಳ್ಳೆಯ ಅಪ್ಪೆಯಾದರೆ ವರ್ಷ ಕಳೆದರೂ ಕಚ್ಚಿದಾಗ ಕಟುಂ ಎನ್ನುತ್ತದೆ. ಕೆಟ್ಟ ಜಾತಿಯದಾದರೆ ಮಳೆಗಾಲ ಮುಗಿಯುವುದರೊಳಗೆ ಮೆತ್ತಗಾಗಿ ಬಣ್ಣ ಬಿಡುತ್ತದೆ. ‘ಆ ಮರದ್ದು ಬೇಡ, ಈ ಮರದ್ದು ತನ್ನಿ’ ಎಂದು ಅಡುಗೆಮನೆಯಿಂದ ಹೊರಡುತ್ತಿದ್ದ ಮಾತು ತಲೆಮಾರುಗಳ ಕಾಲ ಮರಗಳ ಭವಿಷ್ಯವನ್ನು ನಿರ್ಧರಿಸಿದೆ. ತಳಿ ಆಯ್ಕೆಯ ಚರಿತ್ರೆ ಬರೆಯುವಾಗ ಈ ಹೆಂಗಸರ ಪಾಲನ್ನು ಬಿಟ್ಟು ಬರೆಯುವುದು ಅನ್ಯಾಯ.

ಇನ್ನು ಸಸ್ಯಶಾಸ್ತ್ರದ ಮಾತು. ಅನಂತಭಟ್ಟನ ಅಪ್ಪೆಯ ಗೊರಟು ನೆಟ್ಟರೆ ಅನಂತಭಟ್ಟನ ಅಪ್ಪೆಯೇ ಹುಟ್ಟುತ್ತದೆ ಎನ್ನುವ ಖಾತರಿ ಇಲ್ಲ. ಮಾವಿನ ಹೂವಿಗೆ ಪರಾಗ ಎಲ್ಲಿಂದಲೋ ಬರುತ್ತದೆ, ನೊಣ, ಜೇನ್ನೊಣಗಳು ತರುತ್ತವೆ. ಸಾಮಾನ್ಯವಾಗಿ ಗೊರಟಿನೊಳಗಿನ ಸಸಿ ತಾಯಿಯ ಗುಣ ಅರ್ಧ, ಯಾವುದೋ ತಂದೆಮರದ ಗುಣ ಅರ್ಧ ಹೊತ್ತ ಹೊಸ ಜೀವ. ನಮ್ಮ ಪಶ್ಚಿಮ ಕರಾವಳಿಯ ಒಳೂರು, ಬಪ್ಪಕಾಯಿಯಂಥ ಕೆಲವು ಮಾವುಗಳಲ್ಲಿ ಒಂದೇ ಗೊರಟಿನಿಂದ ನಾಲ್ಕಾರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಯ ತದ್ರೂಪ. ಆದರೆ ಅವು ವಿಶೇಷ ಜಾತಿ. ಉಳಿದಂತೆ ಒಂದು ಅಪ್ಪೆಮರ ಉರುಳಿತೆಂದರೆ ಅದರ ಸ್ವಭಾವದ ಇನ್ನೊಂದು ಮರ ಎಲ್ಲೂ ಇರುವುದಿಲ್ಲ, ಮೊದಲೇ ಕಸಿ ಮಾಡಿ ಇಟ್ಟಿದ್ದರೆ ಮಾತ್ರ ಉಂಟು.

ಭತ್ತ, ರಾಗಿ, ಜೋಳಗಳ ಕಥೆ ಹೀಗಲ್ಲ. ಅವುಗಳ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ಇಟ್ಟರೆ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಬೀಜ ಬ್ಯಾಂಕ್ ಕೆಲಸ ಮಾಡುವುದು ಹೀಗೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಹಿಮದಡಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ಕೂಡ ಹೀಗೆಯೇ. ಮಾವು, ಹಲಸು, ರಂಬುಟಾನ್, ಮ್ಯಾಂಗೋಸ್ಟೀನ್‌ಗಳ ಬೀಜ ಈ ಶಿಸ್ತಿಗೆ ಒಗ್ಗುವುದಿಲ್ಲ. ಒಣಗಿದರೆ ಸಾಯುತ್ತವೆ, ಹೆಪ್ಪುಗಟ್ಟಿದರೂ ಸಾಯುತ್ತವೆ. ಮಳೆಕಾಡಿನ ಒದ್ದೆ ನೆಲಕ್ಕೆ ಬಿದ್ದು ಕೆಲವೇ ವಾರಗಳಲ್ಲಿ ಮೊಳೆಯುವುದಕ್ಕೆಂದೇ ರೂಪುಗೊಂಡ ಬೀಜಗಳು ಅವು. ಉಷ್ಣವಲಯದ ಬಹುಪಾಲು ಹಣ್ಣುಮರಗಳನ್ನು ಮರವಾಗಿಯೇ ಉಳಿಸಿಕೊಳ್ಳಬೇಕು.

ಹಾಗಾದರೆ ಸಂಶೋಧನಾ ಕೇಂದ್ರದಲ್ಲಿ ಎಲ್ಲ ತಳಿಗಳ ಮರ ಬೆಳೆಸಿದರಾಯಿತಲ್ಲ ಎನ್ನಬಹುದು. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದೆ. ನೂರಾರು ಮಾವಿನ ತಳಿಗಳು ಅಲ್ಲಿ ನಿಂತಿವೆ, ಮಲೆನಾಡಿನಿಂದ ಸಂಗ್ರಹಿಸಿದ ಅಪ್ಪೆಗಳೂ ಇವೆ. ಆ ಸಂಗ್ರಹಕ್ಕೆ ನಾವು ಋಣಿಗಳಾಗಿರಬೇಕು. ಆದರೆ ಲೆಕ್ಕ ಹಾಕಿ ನೋಡಿ. ಮಾವಿಗೆ ಹತ್ತು ಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 40 ಮರ. ನೂರು ಬಗೆಯ ಅಪ್ಪೆಯನ್ನು ತಲಾ ಮೂರು ಮರದಂತೆ ಇಡಲು ಏಳೂವರೆ ಎಕರೆ ಬೇಕು, ಅದೂ ಶಾಶ್ವತವಾಗಿ, ನೀರು, ಬೇಲಿ, ಆಳು ಸಹಿತ. ಮೂರು ನಾಲ್ಕು ತಿಂಗಳು ಜಡಿಮಳೆ ಸುರಿಯುವ ಹೊಳೆಸಾಲಿನಲ್ಲಿ ಹುಟ್ಟಿದ ಮರ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಬದುಕಿ ಉಳಿಯಬಹುದು, ಆದರೆ ಅಲ್ಲಿ ಅದರ ಮಿಡಿಯನ್ನು ಮೂಸಿ ನೋಡಿ ಬೇಕು ಬೇಡ ಹೇಳುವವರಿಲ್ಲ. ಒಂದು ರೋಗ, ಒಂದು ಬೆಂಕಿ, ಒಂದು ಕಟ್ಟಡದ ಯೋಜನೆ ಬಂದರೆ ಇಡೀ ಸಂಗ್ರಹಕ್ಕೆ ಕುತ್ತು. ಕೇಂದ್ರದ ತೋಪು ನಕಲು ಪ್ರತಿಯಾಗಿ ಇರಲಿ, ಮೂಲ ಪ್ರತಿ ಊರಲ್ಲೇ ಇರಬೇಕು.

ರೈತರ ಹಿತ್ತಿಲು ಇಡೀ ಒಂದು ಪ್ರಭೇದವನ್ನೇ ಕಾಪಾಡಿದ ಉದಾಹರಣೆ ಇಂಡೋನೇಷ್ಯಾದಲ್ಲಿದೆ. ಬೋರ್ನಿಯೋ ದ್ವೀಪದ ದಕ್ಷಿಣ ಕಾಲಿಮಂತಾನ್ ಪ್ರಾಂತ್ಯದಲ್ಲಿ ಕಸ್ತೂರಿ ಎಂಬ ಮಾವಿದೆ. ನಮ್ಮ ಮಾವಿನದೇ ಕುಲ, ಆದರೆ ಬೇರೆ ಪ್ರಭೇದ. ಗಾತ್ರ ಚಿಕ್ಕದು, ಸಿಪ್ಪೆ ಮಾಗಿದಾಗ ಕಪ್ಪು ಮಿಶ್ರಿತ ನೇರಳೆ, ಒಳಗೆ ಗಾಢ ಕಿತ್ತಳೆ ಬಣ್ಣದ ಘಮಘಮಿಸುವ ತಿರುಳು. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ‘ಕಾಡಿನಲ್ಲಿ ಅಳಿದಿದೆ’ ಎಂದು ದಾಖಲಾಗಿದೆ. ಆದರೂ ಕಸ್ತೂರಿ ಇಂದಿಗೂ ಬದುಕಿದೆ, ಆ ಭಾಗದ ಜನರ ಮನೆಯ ಹಿಂದೆ, ತೋಟದ ಮೂಲೆಯಲ್ಲಿ. ಆ ಹಣ್ಣನ್ನು ತಿನ್ನುವ ಆಸೆಯೇ ಅದಕ್ಕೆ ಕಾವಲಾಯಿತು.

ನಾವು ದೊಡ್ಡ ತಳಿಗಳೆಂದು ಕೊಂಡಾಡುವ ಹಣ್ಣುಗಳ ಮೂಲ ಹುಡುಕುತ್ತ ಹೋದರೂ ಹೀಗೆ ಯಾರದೋ ತೋಪಿನ ಒಂದು ಮರಕ್ಕೆ ಹೋಗಿ ನಿಲ್ಲುತ್ತೇವೆ. ದಸೇರಿ ಮಾವಿಗೆ ಲಖನೌ ಬಳಿಯ ದಶಹರಿ ಹಳ್ಳಿಯ ಹೆಸರು, ಅಲ್ಲಿನ ತಾಯಿಮರದಿಂದ ಬಂದದ್ದು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಸೇರಿಯನ್ನೂ ದಕ್ಷಿಣದ ನೀಲಂ ತಳಿಯನ್ನೂ ಕೂಡಿಸಿ ಮಲ್ಲಿಕಾ, ಆಮ್ರಪಾಲಿಗಳನ್ನು ಕೊಟ್ಟರು. ಹೆಸರಘಟ್ಟದ ಅರ್ಕಾ ಅರುಣಾ, ಅರ್ಕಾ ಪುನೀತ್ ಎರಡೂ ಬಂಗನಪಲ್ಲಿ ಮತ್ತು ಆಪೂಸಿನ ಸಂತಾನ. ನಾಳೆ ಹೂ ಬಿಡುವ ಕಾಲಕ್ಕೆ ಮಳೆ ಬಂದರೂ ಕಾಯಿ ಕಟ್ಟುವ, ಜಿಗಿಹುಳಕ್ಕೋ ಬೂದಿರೋಗಕ್ಕೋ ಬಗ್ಗದ ಮಾವು ಬೇಕೆನಿಸಿದರೆ ಆ ಗುಣವನ್ನು ಹುಡುಕಲು ಇಂಥ ಮರಗಳ ಬಳಿಗೇ ಹೋಗಬೇಕು. ಅಷ್ಟರಲ್ಲಿ ಮರ ಸೌದೆಯಾಗಿದ್ದರೆ ಯಾವ ಪ್ರಯೋಗಾಲಯವೂ ಅದನ್ನು ಮತ್ತೆ ಹುಟ್ಟಿಸಲಾರದು.

ಇದನ್ನು ಅರಿತೇ 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ ಒಂದು ಯೋಜನೆ ಶುರುವಾಯಿತು. ಬಯೋವರ್ಸಿಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಮುಂದಾಳತ್ವದಲ್ಲಿ ಭಾರತ, ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್ ಕೂಡಿದವು. ಮಾವು, ನಿಂಬೆ-ಕಿತ್ತಳೆ ಬಳಗ, ರಂಬುಟಾನ್, ಮ್ಯಾಂಗೋಸ್ಟೀನ್ ಮತ್ತು ಅವುಗಳ ಕಾಡುಬಂಧುಗಳನ್ನು ರೈತರ ಕೈಯಲ್ಲೇ ಉಳಿಸುವುದು ಗುರಿ. ಭಾರತದಲ್ಲಿ ಆರಿಸಿಕೊಂಡ ತಾಣಗಳಲ್ಲಿ ಮಲೀಹಾಬಾದ್, ಚಿತ್ತೂರು, ಅಮರಾವತಿಗಳ ಜೊತೆ ನಮ್ಮ ಶಿರಸಿಯೂ ಇತ್ತು. ಇಲ್ಲಿ ಅಪ್ಪೆಯ ಜೊತೆಗೆ ಮ್ಯಾಂಗೋಸ್ಟೀನಿನ ನೆಂಟರಾದ ಉಪ್ಪಾಗೆ, ಮುರುಗಲುಗಳೂ ಸೇರಿದವು.

ಆ ಯೋಜನೆ ಬಳಸಿದ ಒಂದು ಸರಳ ವಿಧಾನ ನನಗೆ ಬಹಳ ಹಿಡಿಸಿದೆ, ಯಾವ ಊರಲ್ಲಿ ಬೇಕಾದರೂ ಮಾಡಬಹುದು. ಊರವರನ್ನು ಸೇರಿಸಿ ಅಂಗಳದಲ್ಲಿ ದೊಡ್ಡ ಚೌಕ ಬರೆದು ನಾಲ್ಕು ಮನೆ ಮಾಡುವುದು. ತುಂಬ ಮನೆಗಳಲ್ಲಿ ತುಂಬ ಮರ ಇರುವ ತಳಿಗಳು ಒಂದು ಮನೆಗೆ. ತುಂಬ ಮನೆಗಳಲ್ಲಿ ಇದ್ದರೂ ಒಂದೊಂದೇ ಮರ ಇರುವಂಥವು ಎರಡನೆಯದಕ್ಕೆ. ಹಿತ್ತಿಲಿನ ಉಪ್ಪಿನಕಾಯಿ ಮರಗಳು ಸಾಮಾನ್ಯವಾಗಿ ಇಲ್ಲಿ ಬರುತ್ತವೆ. ಕೆಲವೇ ಮನೆಗಳಲ್ಲಿ ಆದರೆ ದೊಡ್ಡ ತೋಪಾಗಿ ಇರುವಂಥವು ಮೂರನೆಯದಕ್ಕೆ. ಕಡೆಯ ಮನೆಗೆ ಬರುವುದು ಒಂದೋ ಎರಡೋ ಮನೆಯಲ್ಲಿ ಒಂದೋ ಎರಡೋ ಮರ ಮಾತ್ರ ಉಳಿದಿರುವ ತಳಿಗಳು. ತಳಿಯ ಹೆಸರು ಬರೆದ ಚೀಟಿಗಳನ್ನು ರೈತರೇ ಇಡುತ್ತಾರೆ. ‘ಅದು ನಮ್ಮನೆಯಲ್ಲೂ ಇತ್ತು, ಹೋದ ಮಳೆಗಾಲದಲ್ಲಿ ಬಿತ್ತು’ ಎಂಬ ಮಾತು ಬಂದ ಕೂಡಲೇ ಒಂದು ಚೀಟಿ ಕಡೆಯ ಮನೆಗೆ ಸರಿಯುತ್ತದೆ. ಅಲ್ಲಿಗೆ ಮೊದಲು ಯಾವ ಮರದ ಕಡ್ಡಿ ತರಬೇಕು ಎಂಬುದು ಗೊತ್ತಾದಂತೆಯೇ.

ಮರಗಳು ಹೋಗುತ್ತಿರುವುದೇಕೆ? ಒಂದು ಕಾರಣ ವಯಸ್ಸು. ಹೆಸರಾದ ತಾಯಿಮರಗಳಲ್ಲಿ ಅನೇಕವು ಹಣ್ಣುಹಣ್ಣು ಮುದುಕರಾಗಿವೆ, ಕಾಂಡ ಕೊರೆಯುವ ಹುಳು ಒಳಗೇ ತಿನ್ನುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಶರಾವತಿಯ ಮೇಲ್ದಂಡೆಯ ಊರುಗಳ ಜೊತೆ ಹೊಳೆಸಾಲಿನ ಮರಗಳೂ ಮುಳುಗಿದವು. ರಸ್ತೆ ಅಗಲವಾದಾಗ ಕೆಲವು ಉರುಳಿದವು. ಇವೆಲ್ಲಕ್ಕಿಂತ ನೋವಿನ ಕಾರಣ ಕೊಯ್ಲಿನದು. ಅಪ್ಪೆಮರ ಹೊಳೆಯತ್ತ ಬಾಗಿ ಎತ್ತರಕ್ಕೆ ಬೆಳೆದಿರುತ್ತದೆ. ಕೊಂಬೆಯಿಂದ ಕೊಂಬೆಗೆ ಹೋಗಿ, ಮಿಡಿಗೊಂಚಲನ್ನು ತೊಟ್ಟು ಸಹಿತ ಬಿಡಿಸಿ, ಬುಟ್ಟಿಯಲ್ಲಿ ಹಗ್ಗಕಟ್ಟಿ ಇಳಿಸುವವರು ಈಗ ಸಿಗುವುದೇ ಕಷ್ಟ. ಸಿಕ್ಕರೂ ಕೂಲಿ ದುಬಾರಿ, ಜೀವದ ಅಪಾಯ ಬೇರೆ. ಮಿಡಿಗೆ ಬೆಲೆ ಏರಿದಂತೆ ಯಾರ ಜಾಗದಲ್ಲೂ ಇಲ್ಲದ ಕಾಡಿನ ಮರಗಳಿಗೆ ಪೈಪೋಟಿ ಹುಟ್ಟಿತು. ಕತ್ತಿಯಿಂದ ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ಮಿಡಿ ಆರಿಸಿಕೊಳ್ಳುವುದು ಶುರುವಾಯಿತು. ಈ ವರ್ಷ ಕೊಂಬೆ ಹೋದರೆ ಮುಂದಿನ ಐದಾರು ವರ್ಷ ಆ ಭಾಗದಲ್ಲಿ ಕಾಯಿಲ್ಲ.

ಉಪ್ಪಾಗೆಗೂ ಇದೇ ಗತಿ ಬಂದಿತ್ತು. ತೊಂಬತ್ತರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಹುಳಿ ಮೈ ಇಳಿಸುತ್ತದೆ ಎಂಬ ಪ್ರಚಾರ ವಿದೇಶಗಳಲ್ಲಿ ಎದ್ದು ರಫ್ತಿನ ಬೇಡಿಕೆ ಒಮ್ಮೆಲೇ ಜಿಗಿಯಿತು. ಪಕ್ಕದವನು ಕೊಯ್ಯುವ ಮೊದಲು ತಾನು ಕೊಯ್ಯಬೇಕೆಂದು ಎಳೆಗಾಯಿಗೇ ಕೈಹಾಕಿದರು, ಕೊಂಬೆ ಮುರಿದರು, ಸಿಪ್ಪೆ ಒಣಗಿಸಲು ಕಾಡಿನ ಸೌದೆ ಸುಟ್ಟರು. ಬೆಲೆ ಬಂದಾಕ್ಷಣ ವೈವಿಧ್ಯ ಉಳಿಯುತ್ತದೆ ಎಂದು ಹೇಳುವವರು ಈ ಕಥೆಯನ್ನು ನೆನಪಿಡಬೇಕು. ಮರ ಯಾರದ್ದು, ನಾಳೆಯ ಫಸಲು ಯಾರಿಗೆ ಎಂಬುದು ಗಟ್ಟಿಯಾಗಿದ್ದರೆ ಮಾತ್ರ ಬೆಲೆ ಮರವನ್ನು ಕಾಯುತ್ತದೆ. ಇಲ್ಲದಿದ್ದರೆ ಅದೇ ಬೆಲೆ ಮರವನ್ನು ಕೊಲ್ಲುತ್ತದೆ.

ಗಟ್ಟಿ ಮಾಡುವ ದಾರಿಗಳಲ್ಲಿ ಮೊದಲನೆಯದು ಕಸಿ. ಕಾಡಿನ ಮರ ತೋಟಕ್ಕೆ ಬಂದರೆ ಅದಕ್ಕೊಬ್ಬ ಒಡೆಯ ಸಿಕ್ಕಂತೆ. ತಾಯಿಮರದಲ್ಲಿ ಪೆನ್ಸಿಲ್ ದಪ್ಪದ ಚಿಗುರುಕಡ್ಡಿ ಆರಿಸಿ, ವಾರ ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟಿನ ತುಣುಕು ಬಿಟ್ಟು ಕತ್ತರಿಸಿಡುತ್ತಾರೆ. ಆ ತುಣುಕುಗಳು ಉದುರುವ ಹೊತ್ತಿಗೆ ತುದಿಮೊಗ್ಗು ಊದಿಕೊಂಡಿರುತ್ತದೆ. ಅದೇ ಕಡ್ಡಿಯನ್ನು ಕೊಯ್ಯುವ ಸಮಯ. ಒದ್ದೆಬಟ್ಟೆಯಲ್ಲಿ ಸುತ್ತಿ ತಂದು, ಅದರ ಬುಡವನ್ನು ಎರಡೂ ಕಡೆ ಸವರಿ ಬೆಣೆಯಂತೆ ಮಾಡಿ, ಕಾಟು ಮಾವಿನ ಸಸಿಯ ತಲೆ ಸೀಳಿ ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟುತ್ತಾರೆ. ಸಿಪ್ಪೆಗೆ ಸಿಪ್ಪೆ ಸರಿಯಾಗಿ ತಾಗಿರಬೇಕು, ಕೂದಲೆಳೆಯಷ್ಟು ತಪ್ಪಿದರೂ ಕೂಡುವುದಿಲ್ಲ. ಮೇಲೆ ತೆಳು ಪ್ಲಾಸ್ಟಿಕ್ಕಿನ ಟೊಪ್ಪಿಗೆ ಹಾಕಿ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಚಿಗುರು ಟೊಪ್ಪಿಗೆ ತಳ್ಳುತ್ತದೆ. ಗಿಡ ಗಿಡ್ಡವಾಗಿರುತ್ತದೆ, ನಾಲ್ಕೈದು ವರ್ಷಕ್ಕೆ ಮಿಡಿ ಕೊಡುತ್ತದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಉಪ್ಪಾಗೆ, ಮುರುಗಲುಗಳಿಗೆ ಕಸಿಯಿಂದ ಇನ್ನೊಂದು ಲಾಭ. ಅವುಗಳಲ್ಲಿ ಗಂಡುಮರ, ಹೆಣ್ಣುಮರ ಬೇರೆಬೇರೆ. ಬೀಜದಿಂದ ಬೆಳೆಸಿದರೆ ಹೂ ಬಿಡುವವರೆಗೆ, ಅಂದರೆ ಎಷ್ಟೋ ವರ್ಷ, ಯಾವುದು ಯಾವುದೆಂದು ತಿಳಿಯದು.

ಆದರೆ ಕಸಿಯನ್ನೇ ಪೂರ್ಣ ಪರಿಹಾರವೆಂದು ಎಣಿಸುವುದು ತಪ್ಪು. ಒಂದು ತಾಯಿಮರ ಹೆಸರಾದರೆ ಎಲ್ಲ ನರ್ಸರಿಗಳೂ ಅದರದ್ದೇ ಕಸಿ ಮಾರುತ್ತವೆ. ಸಾವಿರಾರು ಗಿಡ ನೆಟ್ಟೆವು ಎಂಬ ವರದಿ ಬರುತ್ತದೆ, ಅಷ್ಟೂ ಒಂದೇ ಮರದ ತುಂಡುಗಳು. ಗಿಡಗಳ ಸಂಖ್ಯೆ ಏರಿ ವೈವಿಧ್ಯ ಇಳಿಯುವುದು ಹೀಗೆ. ಇನ್ನೊಂದು ಕಡೆ, ಹೊಳೆಸಾಲಿನಲ್ಲಿ ಗೊರಟು ಬಿದ್ದು ಹುಟ್ಟುವ ಸಸಿಗಳಲ್ಲಿ ಪ್ರತಿಯೊಂದೂ ಹೊಸ ಪ್ರಯೋಗ. ಅನಂತಭಟ್ಟನ ಅಪ್ಪೆಯೂ ಒಂದು ಕಾಲಕ್ಕೆ ಅಂಥ ಒಂದು ಗೊರಟಿನಿಂದಲೇ ಹುಟ್ಟಿತ್ತು. ಮಿಡಿಯನ್ನೆಲ್ಲ ಎಳೆಯದರಲ್ಲೇ ಕೊಯ್ದುಬಿಟ್ಟರೆ ಗೊರಟು ಬಲಿಯುವುದೆಲ್ಲಿ, ಹೊಸ ಅಪ್ಪೆ ಹುಟ್ಟುವುದೆಲ್ಲಿ? ಆದ್ದರಿಂದ ಎರಡೂ ಬೇಕು. ಗೊತ್ತಿರುವ ಒಳ್ಳೆಯದನ್ನು ಕಸಿಯಿಂದ ಹಿಡಿದಿಡಬೇಕು. ಕಾಡಿನ ಸಾಲಿನಲ್ಲಿ ಒಂದಷ್ಟು ಮರಗಳನ್ನು ಹಣ್ಣಾಗಿ ಉದುರಲು ಬಿಡಬೇಕು. ಎರಡನೆಯದಕ್ಕೆ ಯಾರೂ ಯೋಜನೆ ಹಾಕಿದ್ದು ಕಾಣುವುದಿಲ್ಲವೆಂಬುದೇ ನನ್ನ ಚಿಂತೆ.

ರೈತನನ್ನು ಬರೀ ಕಡ್ಡಿ ಕೊಡುವವನೆಂದು ಕಾಣದೆ ಪಾಲುದಾರನೆಂದು ಕಂಡರೆ ಏನಾಗುತ್ತದೆ ಎಂಬುದಕ್ಕೆ ತುಮಕೂರು ಜಿಲ್ಲೆಯ ಹಲಸೊಂದು ಸಾಕ್ಷಿ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಸಂತೆಗೆ ಹೆಸರಾದ ಊರು. ಅಲ್ಲಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದಲ್ಲಿ ತಂದೆ ಸಿದ್ದಪ್ಪನವರು ನೆಟ್ಟ ಮರವೊಂದಿತ್ತು. ಹಣ್ಣು ಸಾಧಾರಣ ಎರಡೂವರೆ ಕಿಲೋ, ಒಂದು ಸಣ್ಣ ಸಂಸಾರ ಒಂದೇ ಸಲಕ್ಕೆ ತಿಂದು ಮುಗಿಸುವಷ್ಟು. ತೊಳೆಯ ಬಣ್ಣ ತಾಮ್ರಗೆಂಪು. ಇಪ್ಪತ್ತು ಮೂವತ್ತು ಕಿಲೋ ತೂಗುವ ಹಲಸನ್ನು ಹೊತ್ತು ತಂದು ಕೊಯ್ಯುವ ಶಕ್ತಿಯಿಲ್ಲದ ಪಟ್ಟಣದ ಮನೆಗಳಿಗೆ ಹೇಳಿ ಮಾಡಿಸಿದ್ದು. ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಅದರ ಗುಣಗಳನ್ನು ದೃಢಪಡಿಸಿದರು. 2017ರಲ್ಲಿ ರೈತರ ಜೊತೆ ಒಪ್ಪಂದ ಮಾಡಿಕೊಂಡರು: ಸಂಸ್ಥೆ ಕಸಿಗಿಡ ಬೆಳೆಸಿ ಮಾರುವುದು, ಬಂದ ಹಣದಲ್ಲಿ ಶೇ 75 ರೈತನಿಗೆ. ತಳಿಗೆ ತಂದೆಯ ನೆನಪಿನಲ್ಲಿ ‘ಸಿದ್ದು’ ಎಂದು ಹೆಸರಾಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಬೇರೆ ಊರುಗಳ ರೈತರೂ ತಮ್ಮ ಹಿತ್ತಿಲಿನ ಹಲಸನ್ನು ಬೇರೆ ಕಣ್ಣಿನಿಂದ ನೋಡಲು ತೊಡಗಿದರು. ಅದು ಆ ಒಪ್ಪಂದದ ದೊಡ್ಡ ಫಲ ಎಂದು ನಾನು ತಿಳಿಯುತ್ತೇನೆ. ಅದಕ್ಕೂ ಬಹಳ ಮೊದಲಿಂದ ಪುತ್ತೂರಿನ ‘ಅಡಿಕೆ ಪತ್ರಿಕೆ’ ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಹಲಸಿನ ಪರವಾಗಿ ಎಡೆಬಿಡದೆ ಬರೆಯುತ್ತ ಈ ನೆಲವನ್ನು ಹದ ಮಾಡಿತ್ತು.

ಕಾನೂನೂ ರೈತನ ಕಡೆಗಿದೆ, ಕಾಗದದ ಮೇಲಾದರೂ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ತನ್ನ ತಳಿಯನ್ನು ನೋಂದಾಯಿಸಬಹುದು, ಅದಕ್ಕೆ ಶುಲ್ಕವಿಲ್ಲ, ಮರಗಳಾದರೆ 18 ವರ್ಷದವರೆಗೆ ರಕ್ಷಣೆ ಇರುತ್ತದೆ. ತಳಿ ಉಳಿಸಿದ ಸಮುದಾಯಗಳಿಗೆ 10 ಲಕ್ಷ ರೂಪಾಯಿಯ ಪ್ರಶಸ್ತಿಯೂ ಉಂಟು. ಅಪ್ಪೆಮಿಡಿಗೆ, ಅಂಕೋಲೆಯ ಕರಿ ಈಶಾಡಿ ಮಾವಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಕರಿ ಈಶಾಡಿಗೆ ಸಿಕ್ಕಿದ್ದು 2023ರಲ್ಲಿ. ಸಂತೋಷ. ಆದರೆ ನಂಜನಗೂಡಿನ ರಸಬಾಳೆಗೂ ಆ ಮುದ್ರೆ ಇದೆ. ಮಣ್ಣಿನಲ್ಲಿ ಕೂತು ಬೇರಿನ ಮೂಲಕ ಏರುವ ಪನಾಮಾ ಸೊರಗುರೋಗ ಅಲ್ಲಿನ ತೋಟಗಳನ್ನು ಹಾಳುಗೆಡವಿದಾಗ ಮುದ್ರೆ ಏನೂ ಮಾಡಲಾಗಲಿಲ್ಲ, ರೈತರು ಬೇರೆ ಬೆಳೆಗೆ ಹೋದರು. ಕರಿ ಈಶಾಡಿಯ ತೊಂದರೆ ಇನ್ನೊಂದು ಬಗೆ, ಸಿಪ್ಪೆ ತೆಳು, ಹಣ್ಣು ಬೇಗ ಕೆಡುತ್ತದೆ, ದೂರದ ಪೇಟೆ ಮುಟ್ಟುವುದಿಲ್ಲ. ರೋಗಕ್ಕೆ ಉಪಾಯ ಹೇಳುವವರು, ಹಣ್ಣನ್ನು ರಸವಾಗಿ ತೆಗೆದಿಡುವ ಸಣ್ಣ ಘಟಕ, ಕೊಳ್ಳುವ ಗಿರಾಕಿ, ಇವೆಲ್ಲ ಜೊತೆಗಿದ್ದಾಗ ಮಾತ್ರ ಮುದ್ರೆಗೆ ಬೆಲೆ.

ಉತ್ತರ ಪ್ರದೇಶದ ಮಲೀಹಾಬಾದಿನ ಹಾಜಿ ಕಲೀಮುಲ್ಲಾ ಖಾನ್ ಒಂದೇ ಮರದ ಮೇಲೆ ಮುನ್ನೂರಕ್ಕೂ ಹೆಚ್ಚು ಬಗೆಯ ಮಾವುಗಳನ್ನು ಕಸಿ ಕಟ್ಟಿದವರು. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮರ ಎಷ್ಟೋ ಜನರಲ್ಲಿ ಹಳೆಯ ಮಾವುಗಳ ಮೇಲೆ ಪ್ರೀತಿ ಹುಟ್ಟಿಸಿದೆ. ನಮ್ಮ ಮಲೆನಾಡಿನಲ್ಲೂ ಸ್ವಂತ ಖರ್ಚಿನಲ್ಲಿ ಊರೂರು ಅಲೆದು ಅಪ್ಪೆಯ ಕಡ್ಡಿ ತಂದು ತೋಟದಲ್ಲಿ ಹತ್ತಾರು ಬಗೆ ಬೆಳೆಸಿದ ರೈತರಿದ್ದಾರೆ. ಇಂಥವರನ್ನು ತಳಿ ಪಾಲಕರು ಎನ್ನುತ್ತಾರೆ. ಅವರಲ್ಲಿ ಬಹುಪಾಲು ಜನ ವಯಸ್ಸಾದವರು, ಮಕ್ಕಳು ಬೆಂಗಳೂರಿನಲ್ಲಿ. ಒಬ್ಬರ ಆಸಕ್ತಿಯ ಮೇಲೆ ನಿಂತ ಸಂಗ್ರಹ ಅವರ ನಂತರ ಏನಾಗಬೇಕು? ಪ್ರತಿ ತಳಿಯೂ ಕನಿಷ್ಠ ಮೂರು ಬೇರೆಬೇರೆ ಊರಿನ ಮೂರು ತೋಟಗಳಲ್ಲಿ ಇರುವಂತೆ ನೋಡಿಕೊಳ್ಳುವುದು ಒಂದೇ ಉಪಾಯ. ಅದಕ್ಕೆ ದೊಡ್ಡ ಹಣ ಬೇಡ, ಪಾಲಕರ ನಡುವೆ ಕಡ್ಡಿಗಳ ಕೊಡುಕೊಳ್ಳುವಿಕೆ ವರ್ಷಕ್ಕೊಮ್ಮೆ ಕ್ರಮವಾಗಿ ನಡೆದರೆ ಸಾಕು.

ಉಳಿದದ್ದು ಬೆಟ್ಟದ ಮರಗಳ ಮಾತು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕು ತರುವ ಹಕ್ಕು ರೈತನದು, ನೆಲ ಅರಣ್ಯ ಇಲಾಖೆಯದು. ಅಲ್ಲಿ ಅಪ್ಪೆ, ಉಪ್ಪಾಗೆ ಕಸಿ ನೆಟ್ಟರೆ ಇಪ್ಪತ್ತು ವರ್ಷದ ನಂತರ ಫಸಲು ತನ್ನದೇ ಎಂಬ ಬರಹದ ಭರವಸೆ ರೈತನಿಗೆ ಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಆ ಪುಸ್ತಕದಲ್ಲಿ ಊರಿನ ತಾಯಿಮರಗಳನ್ನು ಒಂದೊಂದಾಗಿ, ನಿಂತ ಜಾಗ, ಮಿಡಿಯ ಗುಣ, ನೋಡಿಕೊಳ್ಳುವವರ ಹೆಸರು ಸಹಿತ ಬರೆದರೆ, ಕೊಂಬೆ ಕಡಿದು ಕೊಯ್ಯುವ ಗುತ್ತಿಗೆಯನ್ನು ತಡೆಯಲು ಸಮಿತಿಗೊಂದು ಆಧಾರ ಸಿಗುತ್ತದೆ.

ನರ್ಸರಿಗಳೂ ಒಂದು ಕೆಲಸ ಮಾಡಬಹುದು. ಇಂದು ಅಪ್ಪೆ ಕಸಿಗಿಡ ಕೊಂಡರೆ ಸಿಗುವುದು ‘ಅಪ್ಪೆ’ ಎಂದು ಬರೆದ ಒಂದು ಚೀಟಿ, ಎಷ್ಟೋ ಸಲ ಅದೂ ಇಲ್ಲ. ಯಾವ ಮರದ ಕಡ್ಡಿ, ಯಾವ ಊರು, ಯಾರ ಮನೆಯದ್ದು ಎಂದು ಗಿಡದ ಜೊತೆ ಬರೆದುಕೊಡಬೇಕು. ಗಿಡವೊಂದಕ್ಕೆ ಹತ್ತು ರೂಪಾಯಿ ತಾಯಿಮರ ಕಾದವರಿಗೆ ಹೋಗಬೇಕು. ತೋಟಗಾರಿಕೆ ಇಲಾಖೆ ತನ್ನ ಸಸ್ಯಕ್ಷೇತ್ರಗಳಿಂದಲೇ ಇದನ್ನು ಶುರುಮಾಡಲಿ. ಕಸಿ ಕಟ್ಟುವ ಕಾಲ ಬರುವ ಮೊದಲೇ ಕಡ್ಡಿ ತರುವ ಮರಗಳ ಪಟ್ಟಿ ಸಿದ್ಧವಾಗಬೇಕು. ಆ ಪಟ್ಟಿಯಲ್ಲಿ ಹೆಸರಾದ ನಾಲ್ಕು ಮರಗಳ ಜೊತೆ, ಅಂಗಳದ ಚೌಕದಲ್ಲಿ ಕಡೆಯ ಮನೆಗೆ ಬಿದ್ದ ನಲವತ್ತು ಮರಗಳೂ ಇರಲಿ.